ಗೇಟ್ ಪಾಸಿನಲ್ಲಿ ಸಿಕ್ಕ ಹೆಸರು

ಗುಟ್ಟು ಕಾಪಾಡುವುದರಲ್ಲಿ ನಾನು ಎತ್ತಿದ ಕೈ. ಮನೆಯಲ್ಲಿ ಚಕ್ಕುಲಿ ಡಬ್ಬ ಬಚ್ಚಿಟ್ಟರೆ ಮಕ್ಕಳಿಗಿರಲಿ, ಇರುವೆಗೂ ಸಿಗುವುದಿಲ್ಲ. ಮುಂದಿನ ಹಬ್ಬಕ್ಕೆ ಅಟ್ಟ ಗುಡಿಸುವಾಗ ನನಗೇ ಸಿಕ್ಕಿ, ಇದನ್ನಿಲ್ಲಿ ಯಾರಿಟ್ಟರು ಎಂದು ಎಲ್ಲರನ್ನೂ ಗದರಿಸುತ್ತೇನೆ. ಇಂಥವಳ ಕೈಗೆ ಪೀಣ್ಯದ ನಮ್ಮ ವಾಲ್ವ್ ಕಾರ್ಖಾನೆಯವರು ಕಂಪ್ಯೂಟರ್ ಕೊಟ್ಟರು. ತಪ್ಪು ಅವರದೇ ಎಂದು ಇವತ್ತಿಗೂ ನನ್ನ ವಾದ.

ತೊಂಬತ್ತರ ದಶಕದ ನಡುವಿನ ಮಾತು. ಇಡೀ ಆಫೀಸಿಗೆ ಅದೊಂದೇ ಕಂಪ್ಯೂಟರು. ಅದಕ್ಕೊಂದು ಗಾಜಿನ ಕೋಣೆ, ಏಸಿ. ಒಳಗೆ ಹೋಗುವವರು ಚಪ್ಪಲಿ ಬಿಟ್ಟು ಹೋಗಬೇಕು. ಟೈಪಿಂಗಿನಲ್ಲಿ ನಮ್ಮ ವನಜಾಕ್ಷಿ ನನಗಿಂತ ಎರಡರಷ್ಟು ಚುರುಕು. ಆದರೆ ರಾಜಾಜಿನಗರದಲ್ಲಿ ಸಂಜೆಯ ಕೋರ್ಸು ಮುಗಿಸಿ ಸರ್ಟಿಫಿಕೇಟು ತಂದವಳು ನಾನು. ಹಾಗಾಗಿ ಗಾಜಿನ ಕೋಣೆ ನನಗೆ ಬಂತು, ವನಜಾಕ್ಷಿಯ ಬುತ್ತಿಯ ಉಪ್ಪಿಟ್ಟು ನನಗೆ ಬರುವುದು ನಿಂತಿತು. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು, ಎಲ್ಲೂ ಬರೆದಿಡಬಾರದು, ಆಗಾಗ ಬದಲಾಯಿಸಬೇಕು ಎಂದು ಕೋರ್ಸಿನ ಮೇಷ್ಟ್ರು ಹೇಳಿದ್ದನ್ನು ನಾನು ಸೋಮವಾರದ ಉಪವಾಸದಷ್ಟೇ ನಿಷ್ಠೆಯಿಂದ ಪಾಲಿಸುತ್ತಿದ್ದೆ. ಒಂದು ಶನಿವಾರ ಸಂಜೆ ವನಜಾಕ್ಷಿ ಹೂವಿನ ರೇಟು ಕೇಳುವ ನೆಪದಲ್ಲಿ ನನ್ನ ಬೆನ್ನ ಹಿಂದೆ ಸ್ವಲ್ಪ ಜಾಸ್ತಿ ಹೊತ್ತೇ ನಿಂತಳು. ಅವಳು ಹೋದದ್ದೇ ತಡ, ಪಾಸ್‌ವರ್ಡ್ ಬದಲಾಯಿಸಿಬಿಟ್ಟೆ. ಜನ್ಮದಲ್ಲಿ ನನ್ನ ಬಾಯಿಂದ ಯಾರೂ ಕೇಳಲಾರದಂಥ ಪದ ಹಾಕಿದೆ ಎಂದು ಬಸ್ಸಿನ ದಾರಿಯುದ್ದಕ್ಕೂ ಒಳಗೊಳಗೇ ಬೀಗಿದೆ. ಭಾನುವಾರ ಚಿಕ್ಕಮ್ಮನ ಮಗಳ ಮದುವೆ. ಸೋಮವಾರ ಬಂದು ಕೂತರೆ ಬೀಗಿದ್ದು ಮಾತ್ರ ನೆನಪಿತ್ತು, ಪದ ಇರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಗುಣಮಟ್ಟದ ಸರ್ಟಿಫಿಕೇಟ್ ಕೊಡುವ ತಪಾಸಣೆಯವರು ಬರುವವರಿದ್ದರು. ಅವರಿಗೆ ತೋರಿಸಬೇಕಾದ ಒಂದು ವರ್ಷದ ಕಾಗದಪತ್ರವೆಲ್ಲ ಆ ಪೆಟ್ಟಿಗೆಯೊಳಗಿತ್ತು. ಪ್ರಿಂಟರಿನ ರಿಬ್ಬನ್ ಮುಗಿದದ್ದರಿಂದ ಒಂದು ಹಾಳೆಯೂ ಹೊರಗೆ ಬಂದಿರಲಿಲ್ಲ. ಸರ್ಟಿಫಿಕೇಟ್ ಕೈತಪ್ಪಿದರೆ ವಿದೇಶದ ಆರ್ಡರು ಕೈತಪ್ಪುತ್ತದೆ, ನಾನು ಮತ್ತೆ ವನಜಾಕ್ಷಿಯ ಪಕ್ಕದ ಟೈಪ್‌ರೈಟರಿಗೆ. ಮ್ಯಾನೇಜರ್ ಮೂರ್ತಿ ಸಾರ್ ನನ್ನನ್ನು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಮೂರು ಸಲ ತಪ್ಪು ಹೊಡೆದರೆ ಕಂಪ್ಯೂಟರು ಮುನಿಸಿಕೊಂಡು ಕೂರುತ್ತಿತ್ತು. ಆರಿಸಿ ಮತ್ತೆ ಹಚ್ಚಬೇಕು. ಮಗಳ ಹೆಸರು, ತವರೂರಿನ ಹೆಸರು, ತವರಿನ ಎಮ್ಮೆಯ ಹೆಸರು ಎಲ್ಲ ಆಯಿತು. ಅಷ್ಟರಲ್ಲಿ ಸುದ್ದಿ ಲೇತ್ ಮಷೀನುಗಳ ತನಕ ಹಬ್ಬಿ, ಗಾಜಿನ ಕೋಣೆಯ ಬಾಗಿಲಲ್ಲಿ ಚಪ್ಪಲಿಯ ರಾಶಿ ಮದುವೆ ಛತ್ರವನ್ನು ಮೀರಿಸಿತು. ದೇವರ ಹೆಸರು ಹಾಕಿ ನೋಡಿ ಎಂದರು ಸ್ಟೋರ್ಸಿನವರು. ದೇವತೆಗಳು ಮುಕ್ಕೋಟಿ, ಒಂದು ಸಲಕ್ಕೆ ಮೂವರು. ನಾವು ಶಿವಭಕ್ತರಾದ್ದರಿಂದ ಶಿವನಿಂದಲೇ ಶುರು ಮಾಡಿದೆ. ಶಂಕರ, ಮಹೇಶ, ಗಿರೀಶ ಎಂದು ಊಟದ ಹೊತ್ತಿನವರೆಗೆ ಸಹಸ್ರನಾಮ ನಡೆಯಿತು. ಯಾವ ಶಿವನೂ ಕಣ್ಣು ತೆರೆಯಲಿಲ್ಲ. ವನಜಾಕ್ಷಿ ನನ್ನ ಮುಂದೆ ಉಪ್ಪಿಟ್ಟು ತಂದಿಟ್ಟಳು. ಅವಳಿಗೂ ಕನಿಕರ ಬಂದಿತ್ತೆಂದರೆ ನನ್ನ ಗತಿ ಊಹಿಸಿಕೊಳ್ಳಿ.

ಕಂಪ್ಯೂಟರ್ ಕೊಟ್ಟ ಕಂಪನಿಗೆ ಫೋನು ಮಾಡಿದರೆ, ಪೆಟ್ಟಿಗೆ ಬಿಚ್ಚಿ ಒಳಗಿನದೊಂದು ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಪಾಸ್‌ವರ್ಡ್ ಅಳಿಸಿಹೋಗುತ್ತದೆ, ಆದರೆ ನೀವು ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ, ನಮ್ಮವರು ಬರುವುದು ಗುರುವಾರ, ಅವಸರವಿದ್ದರೆ ಇಲ್ಲಿಗೇ ತನ್ನಿ ಎಂದರು. ಸರಿ, ಪೆಟ್ಟಿಗೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಆಟೋದಲ್ಲಿಟ್ಟು, ಪಕ್ಕದಲ್ಲಿ ನಾನು ಕೂತೆ. ಗೇಟಿನಲ್ಲಿ ವಾಚ್‌ಮನ್ ಹನುಮಂತಣ್ಣ ಅಡ್ಡ ನಿಂತ. ನಮ್ಮಲ್ಲಿ ಒಂದು ನಟ್ಟು ಹೊರಗೆ ಹೋಗಬೇಕಾದರೂ ಗೇಟ್ ಪಾಸ್ ಬೇಕು. ಒಯ್ಯುವವರ ಹೆಸರು, ತಂದೆಯ ಅಥವಾ ಗಂಡನ ಹೆಸರು ಎಲ್ಲ ಅದರಲ್ಲಿರಬೇಕು. ನನ್ನ ಹೆಸರು ಅವನೇ ಬರೆದುಕೊಂಡ.

"ಯಜಮಾನ್ರ ಹೆಸ್ರು ಏಳಿ ಮೇಡಂ."

ನಾನು ರಾಣೆಬೆನ್ನೂರು ಕಡೆಯವಳು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು ಎಂದು ಬೆಳೆಸಿದ ಮನೆ. ಮಾತಿನಲ್ಲಿ ಅವರು ‘ನಮ್ಮ ಮನೆಯವರು’, ಅಷ್ಟೇ. ರೇಷನ್ ಅಂಗಡಿ, ಆಸ್ಪತ್ರೆ, ಮಗಳ ಸ್ಕೂಲು, ಎಲ್ಲಿ ಕೇಳಿದರೂ ಪೆನ್ನು ಇಸಿದುಕೊಂಡು ಬರೆದುಕೊಡುವುದು ನನ್ನ ರೂಢಿ. ಇಲ್ಲೂ ಪೆನ್ನು ತೆಗೆದುಕೊಂಡೆ. ‘ವೀರೇಶ’ ಎಂದು ಬರೆದವಳ ಕೈ ಅಲ್ಲೇ ನಿಂತುಬಿಟ್ಟಿತು. ಜನ್ಮದಲ್ಲಿ ನನ್ನ ಬಾಯಿಂದ ಯಾರೂ ಕೇಳಲಾರದ ಪದ! ಶಿವನ ಅಷ್ಟು ಹೆಸರು ಹೊಡೆಯುವಾಗಲೂ ಅದೊಂದನ್ನು ಹಾರಿಸಿಕೊಂಡೇ ಹೋಗಿದ್ದೆನಲ್ಲ. ಆಟೋದವನಿಗೆ ಗಾಡಿ ತಿರುಗಿಸಲು ಹೇಳಿದೆ. ಮೇಡಂ ತಲೆ ಕೆಟ್ಟಿತು ಎಂದು ಹನುಮಂತಣ್ಣ ಒಳಗೆ ಫೋನು ಮಾಡಿದನಂತೆ.

ಕಂಬಳಿ ಬಿಚ್ಚಿ, ವೈರು ಸಿಕ್ಕಿಸಿ, ಎಲ್ಲರನ್ನೂ ಆಕಡೆ ತಿರುಗಿಸಿ ನಿಲ್ಲಿಸಿ ಹೆಸರು ಹೊಡೆದೆ. ಕಂಪ್ಯೂಟರು ಬಾಯಿಬಿಟ್ಟಿತು. ಯಾರೋ ಶಿಳ್ಳೆ ಹಾಕಿದರು. ನನಗೆ ಅಳು ನಗು ಎರಡೂ ಒಟ್ಟಿಗೇ ಬಂತು. ಆಗ ಮೂರ್ತಿ ಸಾರ್ ಡೈರಿ ತೆರೆದರು.

"ಇನ್ಮೇಲೆ ಒಬ್ರ ತಲೇಲೇ ಇರೋದು ಬೇಡ. ಏನು ಹಾಕಿದ್ರಿ, ಹೇಳ್ರೀ ಗಿರಿಜಾ."

ಪೆನ್ನಿಗೆ ಕೈ ಚಾಚಿದೆ. ಬರೆಯೋದು ಬೇಡ, ಎಲ್ಲರ ಕಿವಿಗೂ ಬೀಳಲಿ, ಬಾಯಲ್ಲೇ ಹೇಳಿ ಎಂದರು. ಇಂಥ ಹೊತ್ತಿಗೆಂದೇ ನಮ್ಮ ಕಡೆ ಒಡಪು ಇದೆ. ಮದುವೆ, ಸೀಮಂತಗಳಲ್ಲಿ ಹೆಂಗಸರು ಅಡ್ಡಗಟ್ಟಿ ಬಿಡದಿದ್ದಾಗ ಗಂಡನ ಹೆಸರನ್ನು ಪ್ರಾಸದೊಳಗಿಟ್ಟು ಒಂದೇ ಉಸಿರಿಗೆ ಹೇಳಿ ಪಾರಾಗುತ್ತೇವೆ. ಸೆರಗು ಸರಿಮಾಡಿಕೊಂಡು ಲೇತಿನವರು, ಸ್ಟೋರ್ಸಿನವರು, ಮೂರ್ತಿ ಸಾರ್ ಎಲ್ಲರ ಮುಂದೆ ಹೇಳಿಯೇಬಿಟ್ಟೆ.

"ಪೀಣ್ಯದ ಕಾರ್ಖಾನ್ಯಾಗ ಪೆಟ್ಟಿಗಿಗೆ ಬೀಗ, ವೀರೇಶನವರ ಹೆಸರು ಹೇಳ್ತೀನಿ, ಬಾಗಿಲ ತೆಗೀರಿ ಬೇಗ."

ಮೂರ್ತಿ ಸಾರ್ ಇಷ್ಟನ್ನೂ ಡೈರಿಯಲ್ಲಿ ಬರೆದುಕೊಂಡು, ಇಷ್ಟು ಉದ್ದದ ಪಾಸ್‌ವರ್ಡ್ ಯಾರಿಗೆ ತಾನೇ ನೆನಪಿರುತ್ತದೆ ಎಂದು ನನ್ನ ಪರವಾಗಿ ಮಾತಾಡಿದರು. ಮರುದಿನ ತಪಾಸಣೆ ಸಲೀಸಾಗಿ ಮುಗಿಯಿತು. ಗಾಜಿನ ಕೋಣೆ ನನ್ನದಾಗಿಯೇ ಉಳಿಯಿತು, ಉಪ್ಪಿಟ್ಟೂ ಮತ್ತೆ ಶುರುವಾಯಿತು.

ಆ ಸೋಮವಾರ ಸಂಜೆಯೇ ಮನೆಯಲ್ಲಿ ಕೈಬಾಯಿ ತಿರುಗಿಸುತ್ತ ಕಥೆ ಹೇಳಿದ್ದೆ. ಮಗಳು ಉರುಳಾಡಿ ನಕ್ಕಳು. ನಮ್ಮ ಮನೆಯವರು ಮಾತ್ರ ಚಹಾ ಕೆಳಗಿಟ್ಟು ಕೇಳಿದರು, "ಹಂಗಾರ ಮುಂಜಾನಿಂದ ಎಮ್ಮಿ ಹೆಸರು ಸೈತ ನೆನಪಾತು, ನಂದು ಆಗ್ಲಿಲ್ಲೇನು?"