ಷಡ್ಡಕರು ಪಿಸ್ತೂಲು ಆರಿಸಿದ್ದು

ಪಿಸ್ತೂಲಿನ ವಿಷಯದಲ್ಲಿ ನನ್ನ ಷಡ್ಡಕರಿಗೆ ಸರಿಸಾಟಿಯಾದ ಪಂಡಿತರು ದುಬೈಯ ನಮ್ಮ ಇಡೀ ಕರಾಮ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾರ ಎದುರು ಬೇಕಾದರೂ ಎದೆ ತಟ್ಟಿ ಹೇಳಬಲ್ಲೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಅವರ ಅಡುಗೆಮನೆಯಲ್ಲಿ ಜಿರಳೆ ಕಂಡಿತೆನ್ನಿ. ಹೆಂಡತಿ ಚಪ್ಪಲಿ ಹುಡುಕುವಷ್ಟರಲ್ಲಿ ಇವರು ಹಳೆಯ ಕ್ಯಾಲೆಂಡರಿನ ಹಾಳೆಯ ಮೇಲೆ ಅದನ್ನು ಉಪಾಯವಾಗಿ ಹತ್ತಿಸಿಕೊಂಡು, ಲಿಫ್ಟಿನಲ್ಲಿ ನಾಲ್ಕು ಮಹಡಿ ಇಳಿದು, ಕಸದ ತೊಟ್ಟಿಯ ಪಕ್ಕ ಬಿಟ್ಟು ಬರುತ್ತಾರೆ. ಇಂಥ ಮನುಷ್ಯ ಎರಡು ವರ್ಷದಿಂದ ಪಿಸ್ತೂಲು ಆರಿಸುತ್ತಿದ್ದರು!

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಕರೆಯುವುದು ಭಾವ ಎಂದು. ಇಲ್ಲಿನ ನೈಫ್ ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಸ್ಟೋರ್‌ಕೀಪರ್. ನಟ್ಟು, ಬೋಲ್ಟು, ಸ್ಕ್ರೂ, ಡ್ರಿಲ್ ಬಿಟ್ಟುಗಳ ನಡುವೆ ಅವರ ಆಯುಷ್ಯ ಸವೆದಿದೆ. ಗಿರಾಕಿಗೆ ಬೇಕಾದ ಅಳತೆಯನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಈ ಮಹಾನುಭಾವರು ಸ್ವಂತಕ್ಕೆ ಏನನ್ನಾದರೂ ಆರಿಸಬೇಕಾದಾಗ ಮಾತ್ರ ಕಲ್ಲಾಗಿಬಿಡುತ್ತಾರೆ. ಮನೆಗೆ ಮಿಕ್ಸಿ ಆರಿಸಲು ಹದಿನಾಲ್ಕು ತಿಂಗಳು ತೆಗೆದುಕೊಂಡವರು ಅವರು. ಅಷ್ಟೂ ತಿಂಗಳು ಅವರ ಮನೆಯ ಚಟ್ನಿ ರುಬ್ಬಿದ್ದು ನಮ್ಮ ಮಿಕ್ಸಿಯಲ್ಲಿ! ನಾನು ಹೆಣ್ಣು ನೋಡಲು ಹೋದಾಗಲೂ ಭಾವೀ ಷಡ್ಡಕನೆಂಬ ಸಲಿಗೆಯಿಂದ ನನ್ನನ್ನು ಜಗಲಿಗೆ ಕರೆದು, "ಗಡಿಬಿಡಿ ಮಾಡ್ಬೇಡ ಮಾರಾಯ, ಒಂದಾರು ತಿಂಗಳು ಯೋಚನೆ ಮಾಡು" ಎಂದಿದ್ದರು. ಒಳಗಿದ್ದ ನನ್ನ ಹೆಂಡತಿ ಅದನ್ನು ಕೇಳಿಸಿಕೊಂಡಿದ್ದಳು. ಇವತ್ತಿಗೂ ಅವರಿಗೆ ಬಡಿಸುವಾಗ ಸೌಟು ತಟ್ಟೆಗೆ ಸ್ವಲ್ಪ ಜೋರಾಗಿ ತಾಗುತ್ತದೆ.

ಪಿಸ್ತೂಲಿನ ಕತೆ ಮಾತ್ರ ಬೇರೆ. ಅದರ ಹಿಂದೆ ಒಂದು ಸಾವಿದೆ, ಮೊದಲೇ ಹೇಳಿಬಿಡುತ್ತೇನೆ. ಭಾವನ ತಮ್ಮ ಪುತ್ತೂರಿನ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಚಿನ್ನದ ಅಂಗಡಿ ಇಟ್ಟಿದ್ದ. ಅಪ್ಪನ ಕಾಲದ ಅಂಗಡಿ, ಒಂದೇ ಕೋಣೆ, ಒಂದೇ ಬಾಗಿಲು. ಒಂದು ಮಧ್ಯಾಹ್ನ ಬೈಕಿನಲ್ಲಿ ಬಂದ ಇಬ್ಬರು ಸರಗಳ ತಟ್ಟೆಗೆ ಕೈ ಹಾಕಿದರು. ಇವನು ತಟ್ಟೆ ಬಿಡಲಿಲ್ಲ. ಅವರು ಗುಂಡು ಹಾರಿಸಿದರು. ವಾರದೊಳಗೆ ಇಬ್ಬರೂ ಸಿಕ್ಕಿಬಿದ್ದದ್ದೂ ಆಯಿತು, ಅವರಲ್ಲೊಬ್ಬ ಜಾಮೀನಿನ ಮೇಲೆ ಹೊರಗೆ ಬಂದು ಅದೇ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಆರಾಮವಾಗಿ ಚಹಾ ಕುಡಿದದ್ದೂ ಆಯಿತು.

ಉತ್ತರಕ್ರಿಯೆಯ ದಿನ ಊಟದ ಪಂಕ್ತಿ ಎದ್ದ ಮೇಲೆ ಭಾವ ಎಲ್ಲರ ಎದುರು ಘೋಷಿಸಿದರು. "ನಾನು ದುಬೈ ಬಿಟ್ಟು ಬರ್ತೇನೆ. ಪಿಸ್ತೂಲಿಗೆ ಲೈಸೆನ್ಸ್ ಮಾಡಿಸ್ತೇನೆ. ಗಲ್ಲಾದಲ್ಲಿ ನಾನೇ ಕೂರ್ತೇನೆ." ತಮ್ಮನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ಕೇಳಿದಳು. ಅವಳ ಮಗಳಿಗೆ ಆಗ ಪಿಯುಸಿ. ಅಂಗಡಿಯ ಷಟರು ಎಳೆದು ಬೀಗ ಹಾಕಿದ್ದರು, ಕೀಲಿ ಭಾವನ ಜೇಬಿನಲ್ಲಿ ದುಬೈಗೆ ಬಂತು. ಇನ್ನು ಪಿಸ್ತೂಲು ಆರಿಸುವುದೊಂದೇ ಬಾಕಿ!

ಲೈಸೆನ್ಸಿನ ಅರ್ಜಿಯಲ್ಲಿ ಯಾವ ಬಗೆಯ ಆಯುಧ ಎಂದು ಬರೆಯಲು ಒಂದು ಜಾಗವಿದೆಯಂತೆ. ಆ ಒಂದು ಸಾಲಿನಲ್ಲಿ ಭಾವ ಎರಡು ವರ್ಷ ಕಳೆದರು. ಪಾಯಿಂಟ್ ಟ್ವೆಂಟಿಟೂ ಬೇಕೋ, ಪಾಯಿಂಟ್ ಥರ್ಟಿಟೂ ಬೇಕೋ? ಮೊದಲನೆಯದು ಕೈಗೆ ಹಗುರ, ಒದೆಯುವುದಿಲ್ಲ, ಆದರೆ ಎದುರಿನವನು ನಿಲ್ಲುತ್ತಾನೋ ಇಲ್ಲವೋ. ಎರಡನೆಯದು ನಿಲ್ಲಿಸುತ್ತದೆ, ಆದರೆ ಕೈಯನ್ನು ಮೇಲಕ್ಕೆ ಎತ್ತಿ ಹಾಕುತ್ತದೆ. ಮೂರನೆಯದಾಗಿ ನೈನ್ ಎಂಎಂ ಒಂದಿತ್ತು. ಅದು ನಮ್ಮ ದೇಶದಲ್ಲಿ ಪೊಲೀಸರಿಗೆ, ಸೈನಿಕರಿಗೆ ಮಾತ್ರ; ನಮ್ಮ ನಿಮ್ಮಂಥವರಿಗೆ ಲೈಸೆನ್ಸೇ ಇಲ್ಲ.

"ಸಿಗದೇ ಇರುವುದನ್ನು ಯಾಕೆ ಲೆಕ್ಕಕ್ಕೆ ಹಿಡಿಯುತ್ತೀರಿ ಭಾವ?" ಎಂದು ನಾನು ಕೇಳಿದೆ.

"ಹೋಲಿಸಿ ನೋಡ್ಲಿಕ್ಕೆ ಒಂದು ಬೇಕಲ್ಲ ಮಾರಾಯ!"

ಗಲ್ಲಾಪೆಟ್ಟಿಗೆಯ ಕೆಳಗೆ ಹಿಡಿಸಬೇಕಾದ್ದರಿಂದ ಪಿಸ್ತೂಲು ಸಣ್ಣದೇ ಆಗಬೇಕು. ಆದರೆ ಸಣ್ಣ ಪಿಸ್ತೂಲಿನ ಹಿಡಿ ಎಷ್ಟು ಗಿಡ್ಡವೆಂದರೆ ಮೂರು ಬೆರಳು ಹಿಡಿದ ಮೇಲೆ ಕಿರುಬೆರಳು ಗಾಳಿಯಲ್ಲಿ ನೇತಾಡುತ್ತದೆ. ಈ ಕಿರುಬೆರಳಿನ ಚಿಂತೆಯಲ್ಲೇ ಮೂರು ತಿಂಗಳು ಹೋಯಿತು. ಟೀ ಕಪ್ಪು, ಟಿವಿ ರಿಮೋಟು, ಬಚ್ಚಲಿನ ಶವರು, ಏನು ಹಿಡಿದರೂ ಕಿರುಬೆರಳನ್ನು ಬಿಟ್ಟು ಹಿಡಿದು ನೋಡುವುದು! ನಮ್ಮ ಮಗಳಿಗೆ ಈ ದೊಡ್ಡಪ್ಪನೆಂದರೆ ಪ್ರಾಣ. ಅವಳೂ ಒಮ್ಮೆ ತಾಳ್ಮೆಗೆಟ್ಟು, "ದೊಡ್ಡಪ್ಪಾ, ಜಸ್ಟ್ ಪಿಕ್ ಒನ್!" ಎಂದು ಕೂಗಿದಳು. "ಪಿಕ್ ಮಾಡುವುದು ಸುಲಭ ಮಗಾ, ಕಿರುಬೆರಳು ಎಲ್ಲಿ ಇಡುವುದು?" ಎಂದರು ದೊಡ್ಡಪ್ಪ.

ನಾನು ಕೀಟಲೆಗೆ ಸಿದ್ಧನಾಗಿಯೇ ಇರುತ್ತಿದ್ದೆ. "ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಲ್ಲ ಭಾವ? ಆಗ ಕಳ್ಳರಿಗೂ ರಜೆ ಕೊಡುತ್ತೀರಾ?" ಎಂದೆ ಒಮ್ಮೆ. ಭಾವ ನಗಲಿಲ್ಲ. ಹೌದಲ್ಲ ಎಂದು ಗಾಬರಿಯಾಗಿ ಎದ್ದು ಹೋದರು. ಆ ಯೋಚನೆಗೆ ಇನ್ನೆರಡು ತಿಂಗಳು.

ಈ ಊರಲ್ಲಿ ಪಿಸ್ತೂಲು ಎಂಬ ಶಬ್ದವನ್ನು ಗಟ್ಟಿಯಾಗಿ ಆಡುವುದು ಕ್ಷೇಮವಲ್ಲ ಎಂದು ಅವರೇ ಗುಟ್ಟಿನ ಹೆಸರುಗಳನ್ನೂ ಇಟ್ಟರು. ಟ್ವೆಂಟಿಟೂ ಎಂದರೆ ಇಡ್ಲಿ, ಥರ್ಟಿಟೂ ಎಂದರೆ ವಡೆ, ನೈನ್ ಎಂಎಂ ಎಂದರೆ ಮಸಾಲೆ ದೋಸೆ. ಆಮೇಲೆ ನನ್ನ ಫೋನಿಗೆ ಸಂದೇಶಗಳು ಬರತೊಡಗಿದವು. 'ವಡೆಯೇ ಸರಿ ಅಂತ ಕಾಣ್ತದೆ.' 'ಇಡ್ಲಿಯಿಂದ ಏನೂ ಆಗುವುದಿಲ್ಲ.' 'ದೋಸೆ ನಮ್ಮ ಹಣೆಯಲ್ಲಿ ಬರೆದಿಲ್ಲ.' ನನಗೆ ಬಿಪಿ ಇದೆ. ಸಂದೇಶ ಓದಿದ ನನ್ನ ಹೆಂಡತಿ, ನಾವಿಬ್ಬರೂ ಕದ್ದು ಹೋಟೆಲಿಗೆ ಹೋಗುತ್ತಿದ್ದೇವೆಂದು ತೀರ್ಮಾನಿಸಿ ಒಂದು ತಿಂಗಳು ನನಗೆ ರಾಗಿ ಗಂಜಿ ಹಾಕಿದಳು!

ಹೋಟೆಲಿಗೆ ಹೋಗುತ್ತಿದ್ದುದೂ ಸುಳ್ಳಲ್ಲ ಅನ್ನಿ. ಒಂದು ಶನಿವಾರ ಕರಾಮದ ಉಡುಪಿ ಹೋಟೆಲಿನಲ್ಲಿ ಕಾಫಿ ಬಂದ ಮೇಲೆ ಭಾವ ಜೇಬಿನಿಂದ ಒಂದು ಟಿಶ್ಯೂ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಮೂರು ಡ್ರಿಲ್ ಬಿಟ್ಟುಗಳು. ಐದೂವರೆ ಮಿಲ್ಲಿ, ಎಂಟು ಮಿಲ್ಲಿ, ಒಂಬತ್ತು ಮಿಲ್ಲಿ. ಮೂರು ಗುಂಡುಗಳ ದಪ್ಪ ಹೆಚ್ಚುಕಮ್ಮಿ ಅಷ್ಟೇ ಅಂತೆ.

"ಎಂಟಕ್ಕೂ ಒಂಬತ್ತಕ್ಕೂ ಒಂದೇ ಒಂದು ಮಿಲ್ಲಿ ಮಾರಾಯ. ಆ ಒಂದು ಮಿಲ್ಲಿ ಸರಕಾರದ್ದು!"

"ಗೋಡೆಗೆ ಫ್ಯಾನ್ ಹಾಕ್ಲಿಕ್ಕುಂಟಾ ಭಾವ?" ಎಂದು ನಾನು ನಕ್ಕೆ.

ಅವರು ಎಂಟು ಮಿಲ್ಲಿಯದನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. "ತಮ್ಮನ ಪೋಸ್ಟ್‌ಮಾರ್ಟಮ್ ರಿಪೋರ್ಟು ಅವಳು ಫೋಟೋ ತೆಗೆದು ಕಳಿಸಿದ್ದಳು, ಓದಿ ಹೇಳಿ ಭಾವ ಅಂತ. ಡಾಕ್ಟರ ಇಂಗ್ಲಿಷು ನಂಗೆ ಎಂತ ಅರ್ಥ ಆಗ್ತದೆ? ಒಂದು ಕಡೆ ಎಂಟು ಮಿಲ್ಲಿ ಅಂತ ಇತ್ತು. ಅದು ಅರ್ಥ ಆಯ್ತು. ಎದ್ದು ಹೋಗಿ ರ‍್ಯಾಕಿನಿಂದ ಇದನ್ನು ತೆಗೆದು ನೋಡಿದೆ. ಇಷ್ಟೇ ಮಾರಾಯ. ಕನ್ನಡಿ ನೇತು ಹಾಕ್ಲಿಕ್ಕೆ ಗೋಡೆಗೆ ಮಾಡುವ ತೂತು."

ನಾನು ಆ ಕಾಫಿಯನ್ನು ಕುಡಿಯಲಿಲ್ಲ. ಮಾಣಿ ಬಂದು ಸಕ್ಕರೆ ಕಮ್ಮಿಯಾಯಿತೇ ಎಂದು ಕೇಳಿದ. ಅಷ್ಟಾದರೂ ನನ್ನ ಕೀಟಲೆಯ ಬುದ್ಧಿ ಹೋಯಿತೇ? ಇಲ್ಲ. ಆ ಮೇಲೂ ಎಷ್ಟೋ ಸಲ ಅವರನ್ನು ನೆಂಟರ ಮುಂದೆ ಆಡಿಕೊಂಡು ನಗಿಸಿದ್ದೇನೆ. ಅದನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ಇಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ಕಟ್ಟಡದ ಯಜಮಾನ ತಮ್ಮನ ಹೆಂಡತಿಯನ್ನು ಕರೆಸಿ, ಈ ತಿಂಗಳೊಳಗೆ ಅಂಗಡಿ ತೆರೆಯದಿದ್ದರೆ ಬಿಟ್ಟುಕೊಡಬೇಕೆಂದು ಹೇಳಿದ್ದರು. ಅಂಗಡಿ ಹೋದರೆ ಆ ತಾಯಿ ಮಗಳಿಗೆ ಬೇರೆ ದಾರಿ ಇರಲಿಲ್ಲ. ಭಾವ ನನಗೆ ಫೋನ್ ಮಾಡಿದರು. "ಇನ್ನು ತಡ ಮಾಡಿದ್ರೆ ಆಗ್ಲಿಕ್ಕಿಲ್ಲ. ಅಬುಧಾಬಿಯಲ್ಲಿ ಒಂದು ಶೂಟಿಂಗ್ ಕ್ಲಬ್ ಉಂಟು. ಕೈಯಲ್ಲಿ ಹಿಡಿದು ಹೊಡೆದು ನೋಡಿಯೇ ತೀರ್ಮಾನ ಮಾಡುವ. ನೀನೂ ಬಾ."

ಹೋದೆವು. ಬಾಗಿಲು ದಾಟುತ್ತಿದ್ದಂತೆ ಅಲ್ಲಿನ ತರಬೇತುದಾರ್ತಿ, ಒಬ್ಬಳು ಫಿಲಿಪಿನೋ ಹೆಂಗಸು, ಭಾವನನ್ನು ಹೆಸರು ಹಿಡಿದು ಸ್ವಾಗತಿಸಿದಳು. ನನಗೆ ಆಶ್ಚರ್ಯ! ಭಾವ ಕಿವಿಗೆ ಹಾಕುವ ಮುಚ್ಚಳ ಆರಿಸುತ್ತಿದ್ದಾಗ (ಅದಕ್ಕೂ ಹತ್ತು ನಿಮಿಷ!) ಅವಳು ನನ್ನ ಬಳಿ ಬಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: "ನಿಮ್ಮ ಸರ್ ತುಂಬಾ ಒಳ್ಳೆಯವರು. ಏಳು ಸಲ ಬಂದಿದ್ದಾರೆ. ಎರಡೂ ಪಿಸ್ತೂಲು ಹಿಡಿದು ನೋಡುತ್ತಾರೆ, ಬಹಳ ಪ್ರಶ್ನೆ ಕೇಳುತ್ತಾರೆ, ಥ್ಯಾಂಕ್ಯೂ ಹೇಳಿ ಹೋಗುತ್ತಾರೆ. ಒಂದು ಗುಂಡೂ ಹೊಡೆದಿಲ್ಲ."

ಅಲ್ಲಿದ್ದದ್ದು ಟ್ವೆಂಟಿಟೂ ಮತ್ತು ನೈನ್ ಎಂಎಂ. ನಡುವಿನ ಥರ್ಟಿಟೂ ಇರಲೇ ಇಲ್ಲ. ಅಂದರೆ ಊರಲ್ಲಿ ಸಿಗುವ ಎರಡರಲ್ಲಿ ಒಂದನ್ನು ಆರಿಸಲು ಬೇಕಾದ ಪರೀಕ್ಷೆ ಇಲ್ಲಿ ಆಗುವಂತೆಯೇ ಇಲ್ಲ! ಏಳು ಸಲ ಬಂದವರಿಗೆ ಇದು ಗೊತ್ತಿರಲಿಲ್ಲವೇ?

"ನೀನು ಮೊದಲು ಹೊಡಿ, ನಾನು ನೋಡ್ತೇನೆ" ಎಂದರು ಭಾವ. ನಾನು ನೈನ್ ಎಂಎಂ ಹಿಡಿದೆ. ತರಬೇತುದಾರ್ತಿ ನನ್ನ ಮೊಣಕೈ ಸರಿಪಡಿಸಿದಳು. ಹೊಡೆದೆ. ಕಿವಿ ಮುಚ್ಚಿದ್ದರೂ ಆ ಸದ್ದು ಎದೆಗೆ ಬಡಿಯಿತು. ಗುಂಡು ಎಲ್ಲಿಗೆ ಹೋಯಿತೋ ಕಾಣೆ, ಗುರಿಯ ಕಾಗದ ಮಾತ್ರ ಒಂದು ತೂತೂ ಇಲ್ಲದೆ ಮುತ್ತೈದೆಯಂತೆ ನಿಂತಿತ್ತು. ನಗುತ್ತಾ ಹಿಂದೆ ತಿರುಗಿದರೆ ಭಾವ ಇಲ್ಲ.

ಹೊರಗಿನ ಕಾರಿಡಾರಿನಲ್ಲಿ ನೆಲದ ಮೇಲೆ ಕೂತಿದ್ದರು. ಗೋಡೆಗೆ ಒರಗಿ, ಕಿವಿಯ ಮುಚ್ಚಳ ಇನ್ನೂ ಹಾಗೇ ಇಟ್ಟುಕೊಂಡು. ಅಂಗಿ ಪೂರ್ತಿ ಬೆವರಿನಲ್ಲಿ ತೊಯ್ದಿತ್ತು. ಆ ಹೆಂಗಸು ನೀರು ತಂದುಕೊಟ್ಟಳು. ಬಾಟಲಿಯ ಮುಚ್ಚಳ ತಿರುಗಿಸಲು ಅವರಿಂದ ಆಗಲಿಲ್ಲ, ನಾನು ತೆಗೆದುಕೊಟ್ಟೆ.

ದುಬೈಗೆ ಮರಳುತ್ತಾ ಅರ್ಧ ದಾರಿ ಬಂದಿದ್ದೆವು. ಆಮೇಲೆ, ಎದುರಿನ ರಸ್ತೆಯನ್ನೇ ನೋಡುತ್ತಾ, ಅವರೇ ಶುರುಮಾಡಿದರು.

"ದಿನಾ ಊಟದ ಹೊತ್ತಿಗೆ ತಮ್ಮನಿಗೆ ಫೋನ್ ಮಾಡುವುದು ನಾನು. ನಿಂಗೆ ಗೊತ್ತುಂಟಲ್ಲ. ಆ ದಿನವೂ ಮಾಡಿದೆ. ಷೋಕೇಸಿಗೆ ಹೊಸ ಲೈಟು ಹಾಕಿಸ್ತೇನೆ ಅಣ್ಣ, ಬಿಳಿ ಹಾಕಿಸ್ಲಾ ಹಳದಿ ಹಾಕಿಸ್ಲಾ ಅಂತ ಕೇಳಿದ. ಯೋಚನೆ ಮಾಡಿ ಹೇಳ್ತೇನೆ ಅಂದೆ. ಯಾರೋ ಗಿರಾಕಿ ಬಂದ್ರು, ಒಂದು ನಿಮಿಷ ಅಂತ ಫೋನು ಮೇಜಿನ ಮೇಲೆ ಇಟ್ಟ. ಮತ್ತೆ ಒಂದು ಸದ್ದು ಬಂತು. ನಾನು... ಯಾರಾ ಅದು ಪಟಾಕಿ ಹೊಡೆಯುವುದು ಅಂತ ಕೇಳಿದೆ. ನಗಾಡಿಕೊಂಡು ಕೇಳಿದೆ ಮಾರಾಯ."

ನಾನು ಕಾರನ್ನು ಬದಿಗೆ ಹಾಕಿದೆ.

"ಪಿಸ್ತೂಲು ಆರಿಸಿ ಆದ್ರೆ ಅರ್ಜಿ ಹಾಕ್ಬೇಕು. ಅರ್ಜಿ ಹಾಕಿದ್ರೆ ಊರಿಗೆ ಹೋಗ್ಬೇಕು. ಊರಿಗೆ ಹೋದ್ರೆ ಆ ಮೇಜಿನ ಎದುರು ಕೂರ್ಬೇಕು. ನಂಗೆ ಹೆದರಿಕೆ. ಯಾರ ಹತ್ರ ಹೇಳುವುದು? ಎಲ್ಲರ ಎದುರು ದೊಡ್ಡದಾಗಿ ಹೇಳಿ ಬಂದಿದ್ದೇನಲ್ಲ."

ಎರಡು ವರ್ಷ ನಾವೆಲ್ಲ ಸೇರಿ ನಕ್ಕದ್ದು ಇದಕ್ಕೆ. ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ.

ಆ ವಾರವೇ ಭಾವ ತಮ್ಮನ ಹೆಂಡತಿಗೆ ವಿಡಿಯೋ ಕಾಲ್ ಮಾಡಿದರು. ನಾನೂ ಪಕ್ಕದಲ್ಲಿದ್ದೆ. ಪಿಸ್ತೂಲು ಇನ್ನೂ ತೀರ್ಮಾನ ಆಗಿಲ್ಲ, ಇನ್ನೊಂದು ತಿಂಗಳು ಕೇಳಿ ನೋಡು ಎಂದು ತಡವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ ಹೇಳಿದಳು: "ಪಿಸ್ತೂಲು ಬೇಡ ಭಾವ. ಅದನ್ನು ಇಟ್ಟುಕೊಂಡ್ರೆ ನೀವು ಇಡೀ ದಿನ ಬಾಗಿಲು ನೋಡಿಕೊಂಡೇ ಕೂರ್ಬೇಕು. ಬಂದವರ ಮುಖ ಯಾರು ನೋಡುವುದು? ಗುರುವಾರ ನಾನೇ ತೆರೀತೇನೆ. ಬೀಗ ಒಡೆಸ್ತೇನೆ, ಕೀಲಿ ಕಳಿಸುವುದೆಲ್ಲ ಬೇಡ. ನೀವು ಆಗುವಾಗ ಬನ್ನಿ."

ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಭಾವನಿಗೆ ಅಷ್ಟು ತಾಗುತ್ತಿರಲಿಲ್ಲವೇನೋ.

ಗುರುವಾರ ಬೆಳಿಗ್ಗೆ ಭಾವ ರಜೆ ಹಾಕಿ ನಮ್ಮ ಮನೆಗೆ ಬಂದರು. ನಾನೂ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿದ್ದೆ. ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿ ಇಬ್ಬರೂ ಕೂತೆವು. ಆ ಕಡೆ ಫೋನು ಹಿಡಿದವಳು ತಮ್ಮನ ಮಗಳು. ಷಟರು ಎದ್ದ ಸದ್ದಿಗೆ ಭಾವ ಬೆಚ್ಚಿ ನನ್ನ ಮೊಣಕೈ ಹಿಡಿದುಕೊಂಡರು, ಬಿಡಲಿಲ್ಲ. ಫೋನನ್ನು ಗಲ್ಲಾಪೆಟ್ಟಿಗೆಗೆ ಒರಗಿಸಿಟ್ಟು ತಾಯಿ ಮಗಳು ಕಸ ಗುಡಿಸಿದರು, ನೆಲ ಒರೆಸಿದರು. ಗಾಜಿನ ಮೇಜು ಒರೆಸುವಾಗ ಮಾತ್ರ ತಾಯಿ ಬಟ್ಟೆ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ಆಮೇಲೆ ದೀಪ ಹಚ್ಚಿ, ಗಲ್ಲಾದ ಕುರ್ಚಿಯಲ್ಲಿ ಕೂತಳು.

ಮುಕ್ಕಾಲು ಗಂಟೆ ಯಾರೂ ಬರಲಿಲ್ಲ. ಪೇಟೆಯ ಜನ ರಸ್ತೆಯ ಆಚೆಯಿಂದಲೇ ಬಗ್ಗಿ ನೋಡಿ ಹೋಗುತ್ತಿದ್ದರು. ಕೊನೆಗೆ ಒಬ್ಬ ಮುದುಕಿ ಒಳಗೆ ಬಂದಳು, ಸೆರಗಿನ ಗಂಟು ಬಿಚ್ಚಿ ಮಗುವಿನ ಬೆಳ್ಳಿ ಕಾಲ್ಗೆಜ್ಜೆಯೊಂದನ್ನು ಮೇಜಿನ ಮೇಲೆ ಇಟ್ಟಳು.

"ಭಾವ, ಇದರ ಕೊಂಡಿ ಕಿತ್ತು ಹೋಗಿದೆ," ಎಂದಳು ತಮ್ಮನ ಹೆಂಡತಿ ಫೋನಿನ ಕಡೆ ತಿರುಗಿ. "ಬೆಸುಗೆ ಹಾಕುವವರು ಈಗ ನಮ್ಮಲ್ಲಿ ಯಾರೂ ಇಲ್ಲ. ಬೇರೆ ಅಂಗಡಿಗೆ ಹೋಗ್ಲಿಕ್ಕೆ ಹೇಳ್ಲಾ?"

ದುಬೈಗೆ ಬರುವ ಮೊದಲು ಅಪ್ಪನ ಪಕ್ಕ ಕೂತು ಹತ್ತು ವರ್ಷ ಬೆಸುಗೆ ಹಾಕಿದ ಕೈ ಭಾವನದು. ಅವರು ಫೋನಿನ ಹತ್ತಿರ ಬಾಗಿ ಆ ಗೆಜ್ಜೆಯನ್ನು ನೋಡಿದರು.

"ಬೇರೆ ಕಡೆ ಕಳಿಸ್ಬೇಡ. ಸೋಮವಾರ ಬರ್ಲಿಕ್ಕೆ ಹೇಳು. ನಾನೇ ಹಾಕಿ ಕೊಡ್ತೇನೆ."

ಆ ಕಡೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಚೀಟಿಯಲ್ಲಿ ಸೋಮವಾರ ಎಂದು ಬರೆದು ಮುದುಕಿಯ ಕೈಗೆ ಕೊಟ್ಟಳು. ನನ್ನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳೋಣವೆಂದರೆ ಒಂದು ಕೈ ಭಾವನ ಹಿಡಿತದಲ್ಲೇ ಇತ್ತು.

"ಹೆದರಿಕೆ ಹೋಯ್ತಾ ಭಾವ?" ಎಂದೆ.

"ಎಲ್ಲಿ ಹೋಗ್ತದೆ? ಉಂಟು," ಎಂದರು. "ಆದ್ರೆ ಅಜ್ಜಿಗೆ ಸೋಮವಾರ ಅಂತ ಹೇಳಿ ಆಯ್ತಲ್ಲ ಮಾರಾಯ."