ನಲವತ್ತೊಂದು ದಿನಕ್ಕೆ ಹಳತಾದ ರೇಡಿಯೋ

ಶ್ರೀನಿವಾಸಪುರ,
೧೯೪೧ನೇ ಇಸವಿ ಏಪ್ರಿಲ್ ೨೨

ಮದರಾಸಿನ ಗರುಡಧ್ವನಿ ರೇಡಿಯೋ ಕಂಪನಿಯ ಘನ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಡೆಸ್ಕು ಹಾಕಿಕೊಂಡು, ಇಪ್ಪತ್ತಾರು ವರ್ಷಗಳಿಂದ ಕಂಡವರ ಅರ್ಜಿಗಳನ್ನು ಬರೆದು ಬದುಕುತ್ತಿರುವ ರೋಣೂರು ವೆಂಕಟರಮಣಯ್ಯನು ತಮಗೆ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ, ನನ್ನ ಹೆಂಡತಿ ಗುಂಡಮ್ಮ ಕ್ಷೇಮ. ತಮ್ಮಿಂದ ಕೊಂಡ ರೇಡಿಯೋ ಮಾತ್ರ ತಮ್ಮ ಕೃಪೆಯಿಂದ ಹಳತಾಗಿದೆ. ಇಷ್ಟು ವರ್ಷ ಜಮೀನು ಕಳೆದುಕೊಂಡವರ, ಬಾವಿ ಬತ್ತಿದವರ, ಅಣ್ಣತಮ್ಮಂದಿರ ಮೇಲೆ ಮುನಿಸಿಕೊಂಡವರ ಪರವಾಗಿ ಬರೆದ ನಾನು ನನ್ನ ಸ್ವಂತ ಪರವಾಗಿ ಬರೆಯುತ್ತಿರುವ ಮೊದಲ ಅರ್ಜಿ ಇದು. ಆ ಗೌರವ ತಮಗೆ ಸಂದಿರುವುದಕ್ಕೆ ತಾವು ಹಿಗ್ಗಬೇಕೆಂದು ಪ್ರಾರ್ಥನೆ. ತಮ್ಮ ಕೀರ್ತಿ ತಮ್ಮ ಮೇಜಿನ ಮೇಲೆಯೇ ಉಳಿದುಬಿಟ್ಟರೆ ಲೋಕಕ್ಕೆ ನಷ್ಟವಾದೀತೆಂದು ಇದರ ಇನ್ನೊಂದು ಪ್ರತಿಯನ್ನು ಪತ್ರಿಕೆಯವರಿಗೂ ಕಳುಹಿಸುತ್ತಿದ್ದೇನೆ.

ಕಳೆದ ಡಿಸೆಂಬರಿನಲ್ಲಿ ತಮ್ಮ ಕೋಲಾರದ ಏಜೆಂಟರು ನಮ್ಮ ಮನೆಯ ಜಗುಲಿಯನ್ನು ಪಾವನಗೊಳಿಸಿ, ಗರುಡಧ್ವನಿ ನಂಬರ್ ನಾಲ್ಕು ಎಂಬ ಪೆಟ್ಟಿಗೆಯನ್ನು ರೇಷ್ಮೆ ವಸ್ತ್ರದೊಳಗಿಂದ ಹೊರತೆಗೆದರು. ರೇಡಿಯೋ ಶಾಸ್ತ್ರದಲ್ಲಿ ಮನುಷ್ಯಮಾತ್ರರು ಮಾಡಬಹುದಾದ್ದೆಲ್ಲ ಈ ಪೆಟ್ಟಿಗೆಯಲ್ಲಿ ಮುಗಿದಿದೆಯೆಂದೂ, ಇನ್ನು ತಮ್ಮ ಕಂಪನಿಯ ಇಂಜಿನಿಯರುಗಳು ಕೈಕಟ್ಟಿ ಕೂತುಕೊಳ್ಳುವುದೊಂದೇ ಬಾಕಿಯೆಂದೂ ವಿವರಿಸಿದರು. ನಾನು ಅನುಮಾನದಿಂದ ತಲೆ ಕೆರೆದುಕೊಂಡಾಗ ಅವರು ನನ್ನ ಮುಂಗೈ ಹಿಡಿದು, “ಸ್ವಾಮಿ, ಇದಾದ ಮೇಲೆ ಇನ್ನೇನೂ ಇಲ್ಲ. ನಿಮ್ಮ ಮೊಮ್ಮಕ್ಕಳೂ ಇದರಲ್ಲೇ ಕೇಳ್ತಾರೆ” ಅಂದರು. ನಮಗೆ ಮಕ್ಕಳೇ ಇಲ್ಲ. ಆದರೂ ಆ ಮಾತು ನನಗೆ ಹಿಡಿಸಿತು.

ರೇಡಿಯೋ ಕೊಳ್ಳುವುದಕ್ಕಾಗಿ ಕರೆಯುವ ಎಮ್ಮೆಯನ್ನು ಮಾರಿದೆ. ಅದನ್ನು ಕೊಂಡವರು ಹುಣಸೆಹಣ್ಣಿನ ಮಂಡಿ ಸಾಹುಕಾರ ಕೋದಂಡರಾಮಪ್ಪನವರು. ಇವರ ಹೆಸರನ್ನು ತಾವು ನೆನಪಿನಲ್ಲಿಡಬೇಕು. ಗುಂಡಮ್ಮ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ಮಜ್ಜಿಗೆಯಿಲ್ಲದ ಎಲೆಯ ಮುಂದೆ ಕೂತ ನನ್ನನ್ನು ನೋಡಿ, ಅನ್ನಕ್ಕೆ ಒಂದಿಷ್ಟು ವಾರ್ತೆ ಬಡಿಸಲೇ ಎಂದು ಕೇಳಿದಳು.

ಯಂತ್ರದ ಗುಣಗಳನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಮುಳ್ಳು ತಿರುಗುವ ಕಡೆ ಊರುಗಳ ಹೆಸರಿಲ್ಲದೆ ಬರಿಯ ಅಂಕಿಗಳಿದ್ದುದರಿಂದ, ಮದರಾಸು ಎಲ್ಲಿದೆ ದೆಹಲಿ ಎಲ್ಲಿದೆ ಎಂಬುದನ್ನು ಕಂಡುಹಿಡಿಯುವ ಪುಣ್ಯ ನನಗೇ ಲಭಿಸಿತು. ಗಾಳಿ ಬೀಸಿದರೆ ಬಾಣಲೆಯಲ್ಲಿ ಕಡಲೆಕಾಯಿ ಹುರಿದ ಸದ್ದು ಬರುತ್ತಿತ್ತು, ಬೀಸದಿದ್ದರೂ ಬರುತ್ತಿತ್ತು. ಇನ್ನು ಆ ಬ್ಯಾಟರಿ! ಹತ್ತು ದಿನಕ್ಕೊಮ್ಮೆ ಅದು ಬಳಲುತ್ತಿತ್ತು. ನಮ್ಮ ಊರಿಗೆ ಕರೆಂಟು ಬಂದಿಲ್ಲವಾದ್ದರಿಂದ ಅದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಚಿಕ್ಕ ರೈಲಿನಲ್ಲಿ ಕೋಲಾರಕ್ಕೆ ಹೋಗಿ, ಚಾರ್ಜು ಮಾಡಿಸಿಕೊಂಡು ಬರುತ್ತಿದ್ದೆ. ಅದರೊಳಗಿನ ಆಸಿಡ್ ತುಳುಕಿ ನನ್ನ ಎರಡು ಪಂಚೆಗಳು ಜರಡಿಯಾದವು. ಒಮ್ಮೆ ಪಕ್ಕದಲ್ಲಿ ಕೂತಿದ್ದ ಹೊಸ ಮದುಮಗನ ಅಂಚಿನ ಪಂಚೆಗೂ ಅದು ತನ್ನ ಆಶೀರ್ವಾದವನ್ನು ಮಾಡಿದ್ದರಿಂದ, ನಾನು ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಉಳಿದ ದಾರಿಯನ್ನು ಬ್ಯಾಟರಿಸಮೇತ ನಡೆದು ಸವೆಸಿದೆ. ವೈದ್ಯರು ನನಗೆ ಬಹಳ ದಿನಗಳಿಂದ ನಡಿಗೆಯನ್ನು ಸೂಚಿಸುತ್ತಿದ್ದರು. ಇದಕ್ಕೂ ತಮಗೆ ಕೃತಜ್ಞ.

ಇಷ್ಟಾದರೂ ನಾನು ಸುಖವಾಗಿದ್ದೆನೆಂದು ಒಪ್ಪಿಕೊಳ್ಳಬೇಕು. ಊರಿನಲ್ಲಿ ಜನ ಕೂಡಿ ಕೇಳುವ ರೇಡಿಯೋ ಅದೊಂದೇ. ದೀಪ ಹಚ್ಚುವ ಹೊತ್ತಿಗೆ ತೆಲುಗು ವಾರ್ತೆ ಕೇಳಲು ಇಪ್ಪತ್ತು ಮೂವತ್ತು ಮಂದಿ ನಮ್ಮ ಜಗುಲಿಯಲ್ಲಿ ಸೇರುತ್ತಿದ್ದರು. ಗೊರಗೊರ ಸದ್ದಿನ ನಡುವೆ ಸಿಕ್ಕ ನಾಲ್ಕು ಮಾತುಗಳನ್ನು ಹಿಡಿದು, ಯುದ್ಧ ಎಲ್ಲಿಗೆ ಬಂತು ಎಂಬುದನ್ನು ನಾನು ಅವರಿಗೆ ತಿಳಿಸಿಕೊಡುತ್ತಿದ್ದೆ. ಅಮಲ್ದಾರರ ಜವಾನನು ಕೂಡ ಎದ್ದು ಕೈಮುಗಿಯುವಷ್ಟು ದೊಡ್ಡ ಮನುಷ್ಯನಾಗಿದ್ದೆ.

ಹಾಗೆ ಬರುತ್ತಿದ್ದವರಲ್ಲಿ ಮುನಿಯಲ್ಲಮ್ಮ ಒಬ್ಬಳು. ಕಚೇರಿಯ ಮೆಟ್ಟಿಲ ಬಳಿ ಸೊಪ್ಪು ಮಾರುವವಳು, ಗಂಡ ಸತ್ತವಳು. ಅವಳ ಒಬ್ಬನೇ ಮಗ ಕದಿರೇಶ ಪಟಾಲಮ್ಮಿಗೆ ಸೇರಿ, ಸೇತುವೆ ಕಟ್ಟುವ ತುಕಡಿಯೊಡನೆ ಆಫ್ರಿಕದ ಕಡೆ ಹೋಗಿದ್ದ. ಸೇರುವುದಕ್ಕೆ ಅರ್ಜಿ ಬರೆದುಕೊಟ್ಟವನು ನಾನು. ಜಿರಳೆ ಕಂಡರೆ ಮಂಚ ಹತ್ತುವವನನ್ನು ‘ಧೈರ್ಯಶಾಲಿ’ ಎಂದು ಬಣ್ಣಿಸಿದವನೂ, ಅವನ ವಯಸ್ಸಿಗೆ ಒಂದು ವರ್ಷ ಸೇರಿಸಿದವನೂ ನಾನೇ. ಅವಳು ಕಂಬಕ್ಕೆ ಒರಗಿ ಕೂತು, ವಾರ್ತೆ ಮುಗಿದ ಮೇಲೆ, ನಮ್ಮೋನು ಇರೋ ಕಡೆ ಹೆಂಗೈತೆ ಎಂದು ಮಾತ್ರ ಕೇಳುವಳು. ಸುದ್ದಿ ಯಾವುದಿದ್ದರೂ ನಾನು, ಸೇತುವೆ ಕಟ್ಟುವವರನ್ನು ಕಾಳಗದಿಂದ ಬಹಳ ಹಿಂದೆ ಇಟ್ಟಿದ್ದಾರಂತೆ, ಎರಡು ಹೊತ್ತೂ ಊಟ ಚೆನ್ನಾಗಿದೆಯಂತೆ ಎಂದು ಹೇಳಿಬಿಡುತ್ತಿದ್ದೆ. ದೆಹಲಿಯ ವಾರ್ತಾವಾಚಕರು ಶ್ರೀನಿವಾಸಪುರದ ಕದಿರೇಶನ ಊಟದ ಬಗ್ಗೆ ಇಷ್ಟೊಂದು ಆಸ್ಥೆ ವಹಿಸುವುದನ್ನು ಉಳಿದವರು ಯಾರೂ ಪ್ರಶ್ನಿಸಲಿಲ್ಲ. ತಮ್ಮ ಯಂತ್ರದ ಗೊರಗೊರದಲ್ಲಿ ಯಾವ ಮಾತನ್ನಾದರೂ ಅಡಗಿಸಬಹುದಿತ್ತು.

ಹೀಗಿರುವಾಗ, ನಾನು ರೇಡಿಯೋ ಕೊಂಡ ನಲವತ್ತೊಂದನೆಯ ದಿನ, ಕೈಕಟ್ಟಿ ಕೂತಿದ್ದ ತಮ್ಮ ಇಂಜಿನಿಯರುಗಳು ಕೈ ಬಿಚ್ಚಿದ ಸಂಗತಿ ತಿಳಿದುಬಂತು. ಕೋದಂಡರಾಮಪ್ಪನವರ ಮಂಡಿಯಲ್ಲಿ ಗರುಡಧ್ವನಿ ನಂಬರ್ ಐದು ಪ್ರತ್ಯಕ್ಷವಾಯಿತು. ಅದರ ಗಾಜಿನ ಮೇಲೆ ಊರುಗಳ ಹೆಸರು ಅಚ್ಚಾಗಿತ್ತು. ಅದಕ್ಕೆ ಡ್ರೈ ಬ್ಯಾಟರಿ. ತಿಂಗಳುಗಟ್ಟಲೆ ಬಾಳುವುದು, ಕೋಲಾರದ ಯಾತ್ರೆ ಬೇಡ, ಪಂಚೆಗೆ ಅಪಾಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅದರ ದನಿ, ಪಕ್ಕದ ಕೋಣೆಯಲ್ಲಿ ಯಾರೋ ಕೂತು ಮಾತನಾಡುತ್ತಿದ್ದಾರೋ ಎಂಬಷ್ಟು ಸ್ಪಷ್ಟ. ಬೆಲೆಯೂ ನನ್ನದಕ್ಕಿಂತ ಕಡಿಮೆಯೆಂದು ತಮ್ಮ ಏಜೆಂಟರೇ ಸಂತೋಷದಿಂದ ತಿಳಿಸಿದರು. ನಮ್ಮ ಎಮ್ಮೆ ಅವರ ಹಿತ್ತಲಲ್ಲಿ ನಿಂತು ಆ ವಾರ್ತೆಗಳನ್ನು ಕೇಳಿಕೊಂಡು ಮೆಲುಕು ಹಾಕುತ್ತಿತ್ತೆಂದು ಗುಂಡಮ್ಮ ನೋಡಿ ಬಂದು ಹೇಳಿದಳು.

ಮ್ಯಾನೇಜರ್ ಸಾಹೇಬರೇ, ನಲವತ್ತೊಂದು ದಿನದಲ್ಲಿ ಇಷ್ಟೆಲ್ಲ ಹೊಳೆಯಿತಲ್ಲ, ಆ ಹೊಳೆಯುವ ತಲೆಗಳಿಗೆ ನನ್ನ ನಮನ. ನಾನು ಕೊಳ್ಳುವುದನ್ನೇ ಅವು ಕಾಯುತ್ತಿದ್ದವೋ ಏನೋ. ಹಾಗಿದ್ದರೆ ಲೋಕದ ವಿಜ್ಞಾನವನ್ನು ಮುಂದಕ್ಕೆ ದೂಡಿದ ಪುಣ್ಯದಲ್ಲಿ ನನಗೂ ಪಾಲಿದೆ. ನಾನು ಸೈಕಲ್ಲೊಂದನ್ನು ಕೊಂಡರೆ ಮರುತಿಂಗಳೇ ಜನ ಹಾರಾಡಿಯಾರು. ನನ್ನ ನಂಬರ್ ನಾಲ್ಕು ವಯಸ್ಸಿನಲ್ಲಿ ಹಿರಿಯದಾದ್ದರಿಂದ ಕಂಡಲ್ಲಿ ನಂಬರ್ ಐದು ಅದಕ್ಕೆ ನಮಸ್ಕರಿಸತಕ್ಕದ್ದೆಂದು ಒಂದು ಸರ್ಕ್ಯುಲರ್ ಹೊರಡಿಸಲು ಸಾಧ್ಯವೇ? ಇಲ್ಲವಾದರೆ, ನ್ಯಾಯ ಸಮನಾಗುವ ಸಲುವಾಗಿ, ದೀಪ ಹಚ್ಚುವ ಹೊತ್ತಿಗೆ ಮಂಡಿಯ ಹಿಂದೆ ನಿಂತು ಕಡಲೆಕಾಯಿ ಹುರಿಯಲು ಕಂಪನಿಯ ಖರ್ಚಿನಲ್ಲಿ ಒಬ್ಬರನ್ನು ನೇಮಿಸಬಹುದು.

ಜನ ಒಬ್ಬೊಬ್ಬರಾಗಿ ಮಂಡಿಯ ಕಡೆ ಸರಿದರು. ಮಾರ್ಚ್ ತಿಂಗಳ ಮೊದಲ ವಾರದ ಹೊತ್ತಿಗೆ ನಮ್ಮ ಜಗುಲಿಯಲ್ಲಿ ಉಳಿದವರು ಇಬ್ಬರು: ಕಿವಿ ಕೇಳದ ಆವಲಪ್ಪ ಮತ್ತು ಮುನಿಯಲ್ಲಮ್ಮ. ಆಮೇಲೊಂದು ದಿನ ಅವಳೂ ಬರಲಿಲ್ಲ. ಮರುದಿನ ಅವಳು ಸೊಪ್ಪಿನ ಬುಟ್ಟಿ ಹೊತ್ತುಕೊಂಡು ಮಂಡಿಗೆ ಹೋದದ್ದನ್ನು ನಾನೇ ನೋಡಿದೆ. ಎಲ್ಲರೂ ಹೋದಾಗ ಆಗದಷ್ಟು ಅವಮಾನ ಆಗ ಆಯಿತು. ಆ ರಾತ್ರಿಯೇ ತಮ್ಮ ಏಜೆಂಟರಿಗೆ ಬರೆದೆ. ಹಳೆಯ ಪೆಟ್ಟಿಗೆಯ ಜೊತೆಗೆ ಇನ್ನಷ್ಟು ಹಣ ತಂದುಕೊಟ್ಟರೆ ನಂಬರ್ ಐದನ್ನು ದಯಪಾಲಿಸುವುದಾಗಿ ಉತ್ತರ ಬಂತು. ಇಲ್ಲಿಯವರೆಗೆ ನಾಟಕದ ಮಾತೆತ್ತಿದರೂ ಮುಖ ತಿರುಗಿಸುತ್ತಿದ್ದ ನಾನು, ಒಂದು ನಾಟಕ ಕಂಪನಿಯವರಿಗೆ ಹದಿನೇಳು ಅರ್ಜಿಗಳನ್ನು ಬರೆದುಕೊಟ್ಟು ಆ ಹಣ ಹೊಂದಿಸಿದೆ.

ಕೋಲಾರಕ್ಕೆ ಹೊರಡುವ ದಿನ ಬೆಳಗ್ಗೆ ನಾನು ತಂತಿ ಬಿಚ್ಚಿ, ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದಾಗ ಮುನಿಯಲ್ಲಮ್ಮ ಬಂದಳು. ಬುಟ್ಟಿಯನ್ನು ಕೆಳಗಿಟ್ಟಳು, ಕೂರಲಿಲ್ಲ. ಎಲ್ಲಿಗೆ ಕೊಂಡೊಯ್ಯುತ್ತೀರೆಂದು ಕೇಳಿದಳು. ನಾನು ಮುಖ ಎತ್ತದೆ, ಇದಕ್ಕಿಂತ ಚೆನ್ನಾಗಿರುವುದನ್ನು ತರುತ್ತೇನೆ, ಮಂಡಿಯಲ್ಲಿದೆಯಲ್ಲ ಅಂಥದ್ದು ಅಂದೆ. ಅವಳು ಹಗ್ಗದ ಮೇಲೆ ಕೈಯಿಟ್ಟಳು.

“ಅದು ಬ್ಯಾಡ ಸ್ವಾಮಿ,” ಅಂದಳು. “ಅದರಾಗೆ ಎಲ್ಲ ಕೇಳಿಸ್ತದೆ.”

ಆಮೇಲೆ ಹೇಳಿದಳು. ಅವಳ ಮನೆಮಾತು ತೆಲುಗು. ಮಂಡಿಯಲ್ಲಿ ಯಾರೂ ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ. ಆಫ್ರಿಕದ ಬೆಟ್ಟವೊಂದರ ಮೇಲೆ ನಮ್ಮ ಕಡೆಯ ಬಹಳ ಜನ ಬಿದ್ದರೆಂಬುದನ್ನು, ದಾರಿ ಮಾಡಿಕೊಡಲು ಮುಂದೆ ಹೋದವರೇ ಮೊದಲು ಬಿದ್ದರೆಂಬುದನ್ನು ಅವಳು ಒಂದಕ್ಷರ ತಪ್ಪದೆ ಕೇಳಿಸಿಕೊಂಡಿದ್ದಳು. ಎರಡು ದಿನದಿಂದ ಒಲೆ ಹಚ್ಚಿರಲಿಲ್ಲ. ನಾನು, ಅದೆಲ್ಲ ಬೇರೆ ಪಟಾಲಮ್ಮು ಇರಬೇಕು, ಸೇತುವೆಯವರು ಹಿಂದೆ ಇರುತ್ತಾರೆ ಎಂದು ಎಂದಿನಂತೆ ಶುರುಮಾಡಿದೆ. ಅವಳು ಕೈ ಎತ್ತಿ ತಡೆದಳು.

“ನೀವು ಹೇಳೋದು ಸುಳ್ಳು ಅಂತ ನಂಗೆ ಮೊದಲ್ನೇ ದಿನದಿಂದ ಗೊತ್ತು ಸ್ವಾಮಿ. ಯುದ್ಧದಾಗೆ ಯಾರಿಗೆ ಎರಡು ಹೊತ್ತು ಅನ್ನ ಹಾಕ್ತಾರೆ? ಆದ್ರೂ ಕೇಳಿಸ್ಕೊಂಡು ಹೋದ್ರೆ ಒಂದು ತುತ್ತು ಇಳೀತಿತ್ತು. ಇದನ್ನ ಬಿಚ್ಚಿ ಇಕ್ಕಿ.”

ನಾನು ಬಿಚ್ಚಿದೆ. ಬಿಗಿದ ಗಂಟು ಬರಲಿಲ್ಲವಾದ್ದರಿಂದ ಗುಂಡಮ್ಮ ಒಳಗಿನಿಂದ ಈಳಿಗೆಮಣೆ ತಂದು ಹಗ್ಗ ಕೊಯ್ದಳು. ಆ ಸಂಜೆ ಬ್ಯಾಟರಿ ಬಳಲಿತ್ತು. ಪೆಟ್ಟಿಗೆಯಿಂದ ಬರಿಯ ಗೊರಗೊರವಲ್ಲದೆ ಒಂದು ಮಾತೂ ಬರಲಿಲ್ಲ. ಮುನಿಯಲ್ಲಮ್ಮ ಕಂಬಕ್ಕೆ ಒರಗಿ ಕೊನೆಯವರೆಗೂ ಕೇಳಿದಳು. ನಾನು, ಈವತ್ತು ಅಲ್ಲಿ ಮಳೆಯಂತೆ, ಎಲ್ಲರಿಗೂ ರಜವಂತೆ ಅಂದೆ. ಅವಳು ಎದ್ದು ಹೋಗಿ ಒಲೆ ಹಚ್ಚಿದಳೆಂದು ಆಮೇಲೆ ತಿಳಿಯಿತು.

ಇಪ್ಪತ್ತಮೂರು ದಿನ ಹೀಗೆಯೇ ನಡೆಯಿತು. ಆ ದಿನಗಳಲ್ಲಿ ನಾನು ಹೇಳಿದ ಸುಳ್ಳುಗಳನ್ನು ಬರೆದಿಟ್ಟಿದ್ದರೆ ಸರ್ಕಾರದವರು ನನಗೊಂದು ಇಲಾಖೆಯನ್ನೇ ವಹಿಸಿಕೊಡುತ್ತಿದ್ದರು. ಹಗಲು ಡೆಸ್ಕಿನ ಮುಂದೆ ಕೂತಾಗ ಮಾತ್ರ, ಪೋಸ್ಟಿನವನು ತಂತಿ ಹಿಡಿದು ಸೊಪ್ಪಿನ ಬುಟ್ಟಿಯ ಕಡೆ ತಿರುಗುತ್ತಾನೋ ಎಂದು ಕಣ್ಣು ಆ ಕಡೆಯೇ ಇರುತ್ತಿತ್ತು. ನಾನು ಸೇರಿಸಿದ ಆ ಒಂದು ವರ್ಷವನ್ನು ಯಾವ ಅರ್ಜಿಯಿಂದಲೂ ಹಿಂದಕ್ಕೆ ತೆಗೆಯುವಂತಿರಲಿಲ್ಲ.

ಕಳೆದ ಶುಕ್ರವಾರ ಒಂದು ಕಾರ್ಡು ಬಂತು. ಮುನಿಯಲ್ಲಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ತಂದು ನನ್ನ ಡೆಸ್ಕಿನ ಮೇಲಿಟ್ಟಳು. ಕದಿರೇಶ ಯಾರ ಕೈಯಲ್ಲೋ ಬರೆಯಿಸಿದ್ದ. ಬೆಟ್ಟದ ದಾರಿಯಲ್ಲಿ ಎಡಗಾಲಿಗೆ ಪೆಟ್ಟಾಗಿ ಆಸ್ಪತ್ರೆಯಲ್ಲಿದ್ದಾನೆ, ಎರಡು ಬೆರಳು ಹೋಗಿವೆ, ಕೋಲು ಹಿಡಿದು ನಡೆಯುತ್ತಾನೆ, ಹಡಗು ಸಿಕ್ಕ ಮೇಲೆ ಊರಿಗೆ ಕಳುಹಿಸುತ್ತಾರಂತೆ, ಇಲ್ಲಿ ಎರಡು ಹೊತ್ತೂ ಊಟ ಚೆನ್ನಾಗಿದೆ. ಇದ್ದದ್ದನ್ನು ಇದ್ದ ಹಾಗೆ, ಅಲ್ಪವಿರಾಮಗಳಲ್ಲೂ ತಪ್ಪದೆ ಓದಿದೆ. ಕಾರ್ಡನ್ನು ಡೆಸ್ಕಿಗೆ ಒತ್ತಿ ಹಿಡಿದಿದ್ದೆ.

ಅವಳು ನನ್ನ ಮುಖ ನೋಡಿದಳು. “ಇದು ಕಾಗದದಾಗೆ ಇರೋದಾ ಸ್ವಾಮಿ, ನೀವು ಹೇಳ್ತಿರೋದಾ?” ಅಂದಳು.

ಕಾಗದದಲ್ಲಿಯೇ ಇದೆಯೆಂದು ನಾನು ಆಣೆ ಮಾಡಿದೆ. ಅವಳು ತಲೆಯಾಡಿಸಿ, ಕಾರ್ಡನ್ನು ಮೆಲ್ಲಗೆ ನನ್ನ ಬೆರಳಿನಡಿಯಿಂದ ಎಳೆದುಕೊಂಡು, ಬೇಸರ ಮಾಡಿಕೊಳ್ಳಬೇಡಿರೆಂದು ಹೇಳಿ, ಪೋಸ್ಟ್ ಮಾಸ್ಟರ ಹತ್ತಿರ ಇನ್ನೊಂದು ಸಲ ಓದಿಸಿಕೊಳ್ಳಲು ಹೋದಳು. ಅಲ್ಲಿಂದ ಶಾಲೆಯ ಮೇಷ್ಟರ ಬಳಿಗೆ ಹೋದಳಂತೆ. ಮೂರೂ ಕಡೆ ಒಂದೇ ಮಾತು ಬಂದ ಮೇಲೆ ರಸ್ತೆಯ ಮಧ್ಯದಲ್ಲೇ ಕೂತು ಅತ್ತಳಂತೆ. ಇಪ್ಪತ್ತಾರು ವರ್ಷದ ನನ್ನ ಬರವಣಿಗೆಗೆ ಯಾವ ಹಾಕಿಮನೂ ಇಷ್ಟು ನೇರವಾದ ತೀರ್ಪು ಕೊಟ್ಟಿರಲಿಲ್ಲ.

ಆದಕಾರಣ ಮಾನ್ಯರಲ್ಲಿ ಅರಿಕೆ ಏನೆಂದರೆ, ಹಳತು ಕೊಟ್ಟು ಹೊಸತು ಪಡೆಯುವ ನನ್ನ ಕೋರಿಕೆಯನ್ನು ರದ್ದು ಮಾಡಬೇಕು. ನಂಬರ್ ನಾಲ್ಕನ್ನು ನಾನು ಇಟ್ಟುಕೊಳ್ಳುತ್ತೇನೆ. ಇದನ್ನು ರಿಪೇರಿ ಮಾಡಲು ಕಂಪನಿಯ ಯಾರನ್ನೂ ಕಳುಹಿಸಕೂಡದು, ಉಚಿತವಾಗಿಯಾದರೂ ಕೂಡದು. ಹುಡುಗರು ಪಟಾಲಮ್ಮಿನಲ್ಲಿ ಇರುವವರೆಗೆ ತಮ್ಮ ಇಂಜಿನಿಯರುಗಳು ದನಿಯನ್ನು ಇನ್ನಷ್ಟು ಸ್ಪಷ್ಟ ಮಾಡುವ ಕೆಲಸವನ್ನು ನಿಲ್ಲಿಸಿ, ಆ ಬುದ್ಧಿಯನ್ನೆಲ್ಲ ಸುದ್ದಿಯನ್ನೇ ಒಳ್ಳೆಯದು ಮಾಡುವ ಕಡೆಗೆ ತಿರುಗಿಸಿದರೆ, ಅಂಥ ಯಂತ್ರದ ಮೊದಲ ಗಿರಾಕಿ ನಾನೇ ಆಗುತ್ತೇನೆ. ಅದರ ಮರುತಿಂಗಳು ಅದಕ್ಕಿಂತ ಉತ್ತಮವಾದುದನ್ನು ತಾವು ತಂದರೂ ಕಮಕ್ ಕಿಮಕ್ ಅನ್ನುವುದಿಲ್ಲ.

ಇಷ್ಟನ್ನು ತಾಳ್ಮೆಯಿಂದ ಓದಿದ್ದರೆ ತಮಗೆ ಆಯುರಾರೋಗ್ಯ, ಓದದಿದ್ದರೂ ಅಷ್ಟೇ.

ತಮ್ಮ ವಿಶ್ವಾಸಿ, ಹಾಗೂ ತಮ್ಮಿಂದ ಪಾಠ ಕಲಿತ ಗಿರಾಕಿ,
ರೋಣೂರು ವೆಂಕಟರಮಣಯ್ಯ

ತಾ. ಕ.: ಈ ಲಕೋಟೆಗೆ ಅಂಟು ಹಚ್ಚುತ್ತಿರುವಾಗ ತಮ್ಮ ಏಜೆಂಟರು ಬಂದು, ನಂಬರ್ ಆರು ಬಂದಿರುವುದಾಗಿಯೂ, ಅದರ ಮುಂದೆ ನಂಬರ್ ಐದು ಕೇವಲ ಮರದ ಪೆಟ್ಟಿಗೆಯೆಂದೂ ತಿಳಿಸಿ ಹೋದರು. ಈ ಶುಭವಾರ್ತೆಯನ್ನು ಕೋದಂಡರಾಮಪ್ಪನವರಿಗೆ ಇಂದೇ ತಂತಿ ಮೂಲಕ ತಿಳಿಸಬೇಕೆಂದು ಪ್ರಾರ್ಥನೆ. ತಂತಿಯ ಖರ್ಚು ನನ್ನದು. ಮಾತುಗಳು ಹೆಚ್ಚಾದರೂ ಚಿಂತೆಯಿಲ್ಲ.