ಮಾನಸರೋವರಕ್ಕೆ ಒಬ್ಬನೇ, ಕಾರಿನಲ್ಲಿ

ಪುಣ್ಯವಂತರು ಜನ್ಮಕ್ಕೊಮ್ಮೆ ಮಾನಸರೋವರಕ್ಕೆ ಹೋಗುತ್ತಾರೆ. ನಾನು ವರ್ಷಾನುಗಟ್ಟಲೆ, ಭಾನುವಾರ ಬಿಟ್ಟು ದಿನಾ ಹೋಗಿಬಂದಿದ್ದೇನೆ, ಅದೂ ಮಂತ್ಲಿ ಪಾಸಿನಲ್ಲಿ. ನವಿ ಮುಂಬಯಿಯ ಐರೋಲಿಯಲ್ಲಿ ಪನವೇಲ್ ಟ್ರೇನು ಹತ್ತುವುದು, ಮಾನಸರೋವರ ಸ್ಟೇಶನ್ನಿನಲ್ಲಿ ಇಳಿಯುವುದು, ಶೇರ್ ರಿಕ್ಷಾ ಹಿಡಿದು ಕಳಂಬೋಲಿಯ ಕಬ್ಬಿಣದ ಪೇಟೆಗೆ ಹೋಗಿ ಸೇಠನ ಗೋದಾಮಿನಲ್ಲಿ ಸರಳುಗಳ ಲೆಕ್ಕ ಬರೆಯುವುದು. (ಕೈಲಾಸ ಮಾತ್ರ ಇನ್ನೂ ಕಂಡಿಲ್ಲ.) ಇಂಥ ಯಾತ್ರಿಕನಾದ ನನಗೆ, ಅಂದರೆ ಪುಂಡರೀಕಾಕ್ಷನಿಗೆ, ಹಳೇ ಕಾರೊಂದನ್ನು ಕೊಳ್ಳುವ ಬುದ್ಧಿ ಬಂತು. ಅದಕ್ಕೆ ಕಾರಣ ಬೂಬ.

ಬೂಬ ನಮ್ಮ ಟ್ರೇನ್ ಗ್ರೂಪಿನವ, ನೆರೂಲಿನ ಹೋಟೆಲೊಂದರಲ್ಲಿ ಕ್ಯಾಶಿಯರ್. ಅವನು, ಕಲಬುರ್ಗಿ ಕಡೆಯ ಚಂದ್ರಾಮ ಮತ್ತು ಖಾರಘರದ ಕಂಪನಿಗೆ ಹೋಗುವ ಹುಡುಗ ಸಮಿತ್, ಮೂವರೂ ಥಾಣೆಯಲ್ಲೇ ಹತ್ತಿ ಕಿಟಕಿಯ ಪಕ್ಕದ ಸೀಟಿನ ಮೇಲೆ ಚೀಲ ಎಸೆದು ನನಗೆ ಜಾಗ ಹಿಡಿಯುತ್ತಿದ್ದರು. ಆ ಚೀಲವನ್ನು ಅಲುಗಿಸುವ ಗಂಡಸು ಟ್ರೇನಿನ ಆ ಡಬ್ಬಿಯಲ್ಲಿ ಹುಟ್ಟಿರಲಿಲ್ಲ. ಆದರೆ ನಾನು ಕೂತ ಕೂಡಲೇ ಬೂಬ ಎಣ್ಣೆ ಹಚ್ಚಿದ ತನ್ನ ತಲೆಯನ್ನು ನನ್ನ ಹೆಗಲಿಗಿಟ್ಟು ನಿದ್ದೆ ಹೊಡೆಯುತ್ತಿದ್ದ. ಮನೆಯಲ್ಲಿ ನನ್ನ ಹೆಂಡತಿ ಪ್ರಭಾ ಅಂಗಿಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇದು ಯಾರ ತಲೆಯ ಎಣ್ಣೆ?"

"ಬೂಬನದ್ದು ಮಾರಾಯ್ತಿ."

"ಎಲ್ಲ ಅಂಗಿಯಲ್ಲಿಯೂ?"

ಇನ್ನು ಸಾಕು, ಮನುಷ್ಯನ ಹಾಗೆ ಓಡಾಡಬೇಕು ಎಂದು ತೀರ್ಮಾನಿಸಿದೆ. ಖಾರಘರದ ಒಬ್ಬರಿಂದ ಟೊಮೇಟೊ ಸಾರಿನ ಬಣ್ಣದ ಪುಟ್ಟ ಕಾರೊಂದನ್ನು ತಂದೆ. ಅದರ ಹಿಂದಿನ ಕಿಟಕಿಗಳು ಇಳಿಯುವುದಿಲ್ಲ, ಏಸಿ ಇಳಿಜಾರಿನಲ್ಲಿ ಮಾತ್ರ ತಣ್ಣಗೆ ಬೀಸುತ್ತದೆ. ಹಾರ್ನ್ ಮಾತ್ರ ಒತ್ತದೆಯೂ ಕೂಗುತ್ತದೆ.

"ನಿಮಗೆ ಮಂಡೆ ಸಮ ಉಂಟಾ?" ಅಂದಳು ಪ್ರಭಾ. "ಸ್ಕೂಟರಿನ ಪರೀಕ್ಷೆಗೆ ಎಂಟು ಬರೆಯಲಿಕ್ಕೆ ಹೇಳಿದ್ರೆ ಒಂಬತ್ತು ಬರೆದು ಬಂದವರು ನೀವು."

ಮಗಳು ಅನಘಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಕ್ಯೂಟ್ ಹೈ. ಲೇಕಿನ್ ಮೇರೆ ಕಾಲೇಜ್ ಮತ್ ಲಾನಾ." ಚೆಂದವಿದೆ, ತನ್ನ ಕಾಲೇಜಿಗೆ ಮಾತ್ರ ತರಬೇಡ ಎಂದು.

ಮೊದಲ ದಿನ ಉದಾರ ಹೃದಯದಿಂದ ಥಾಣೆಗೇ ಹೋಗಿ ಮೂವರನ್ನೂ ಹತ್ತಿಸಿಕೊಂಡೆ. ಬೂಬ ಮುಂದೆ ಕೂತು ಹೆಗಲು ಹುಡುಕಿದ, ಸಿಗಲಿಲ್ಲ. ಚಂದ್ರಾಮ ಇಸ್ಪೀಟು ತೆಗೆದ, ಹರಡಲು ಜಾಗವಿಲ್ಲ. "ಭಟ್ರ, ನಮ್ಮೂರಾಗ ಒಮ್ಮೆ ಏನಾತಂದ್ರ" ಎಂದು ಕತೆ ಶುರುಮಾಡಿದ.

"ಸ್ವಲ್ಪ ಸುಮ್ಮನಿರಿ, ಗೇರು ಹಾಕ್ತಿದ್ದೇನೆ" ಅಂದೆ.

ಮತ್ತೆ ಬಾಯಿ ತೆರೆದ. "ಈಗ ಬೇಡ, ಎದುರಿಗೆ ಟ್ರೇಲರ್ ಉಂಟು" ಅಂದೆ.

ಹೀಗೆ ಅವನು ಇಳಿಯುವ ಬೇಲಾಪುರದವರೆಗೆ ಆ ಕತೆ ಮುಂದುವರಿಯಲೇ ಇಲ್ಲ. ಎಲ್ಲರಿಗೂ ಆಫೀಸಿನಲ್ಲಿ ಲೇಟ್ ಮಾರ್ಕ್ ಬಿತ್ತು. ಮರುದಿನ ಸಮಿತ್ ಫೋನು ಮಾಡಿ, "ಅಂಕಲ್, ಆಪ್ ಆರಾಮ್ ಸೇ ಜಾಓ, ಹಮ್ ಟ್ರೇನ್ ಸೇ ಆತೇ ಹೈಂ" ಎಂದು, ತಾವು ಟ್ರೇನಿನಲ್ಲೇ ಬರುವುದನ್ನು ಬಹಳ ಮರ್ಯಾದೆಯಿಂದ ಹೇಳಿದ.

ಅಂದಿನಿಂದ ನಾನೊಬ್ಬನೇ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ, ನನಗೆ ಬಹಳ ಒಂಟಿಯೆನಿಸಿತು. ಫೋನಿನಲ್ಲಿ ದಾರಿ ಹೇಳುವ ಹೆಂಗಸೊಬ್ಬಳೇ ನನ್ನೊಡನೆ ಮಾತಾಡುವ ಪ್ರಾಣಿ. ಅವಳ ದನಿ ಕೇಳಲೆಂದೇ ಗೊತ್ತಿದ್ದ ತಿರುವುಗಳನ್ನು ತಪ್ಪಿಸುತ್ತಿದ್ದೆ. ಸಿಗ್ನಲ್ಲಿನಲ್ಲಿ ನಿಂತಾಗ ಪ್ರಭಾಗೆ ಫೋನು ಹಚ್ಚಿದರೆ, "ಏನು, ಗುದ್ದಿದಿರಾ?" ಅನ್ನುತ್ತಿದ್ದಳು. ಇಲ್ಲವೆಂದರೆ, "ಮತ್ತೆ ಯಾಕೆ ಫೋನು? ಒಗ್ಗರಣೆ ಸೀಯ್ತದೆ" ಎಂದು ಇಡುತ್ತಿದ್ದಳು. ಘನಸೋಲಿಯ ಹತ್ತಿರ ರಸ್ತೆಯ ಪಕ್ಕದಲ್ಲೇ ಟ್ರೇನು ಓಡುತ್ತದೆ. ನಮ್ಮ ಡಬ್ಬಿ ದಾಟುವಾಗ ಹಾರ್ನ್ ಒತ್ತಿ ನೋಡಿದೆ, ಬೇಕಾದಾಗ ಅದು ಕೂಗಲಿಲ್ಲ.

ದಸರೆ ಹತ್ತಿರ ಬಂತು. ಹಬ್ಬದ ಹಿಂದಿನ ದಿನ ನಮ್ಮ ಡಬ್ಬಿಗೆ ಬಾಳೆಗಿಡ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ದೇವಿಯ ಪಟವಿಟ್ಟು ಪೂಜೆ ಮಾಡುವುದು ರೂಢಿ. ಉಡುಪಿಯವನೆಂದು ಪೌರೋಹಿತ್ಯ ಯಾವತ್ತೂ ನನ್ನದೇ. ಈ ಸಲ ಕರೆಯುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿ ನನಗೆ ಅನ್ನ ಸೇರಲಿಲ್ಲ. ಕರೆಯದಿದ್ದರೆ ಆ ಗ್ರೂಪಿನಲ್ಲಿ ನನ್ನ ಋಣ ತೀರಿತೆಂದೇ ಅರ್ಥ. ಕೊನೆಗೂ ಚಂದ್ರಾಮನ ಫೋನು ಬಂತು.

"ಭಟ್ರ, ನೀವಿಲ್ದ ಪೂಜಿ ಹ್ಯಾಂಗ್ರಿ? ಮತ್ತ, ಗಾಡಿ ಹೆಂಗೂ ಅದಲ್ಲ, ಕಲ್ಯಾಣ ಮಾರ್ಕೆಟ್ದಾಗಿಂದ ಹೂವು, ಬಾಳಿಗಿಡ ಹಾಕ್ಕೊಂಡ್ ಬಂದುಬಿಡ್ರಿ."

ಎರಡನೆಯ ವಾಕ್ಯ ನನಗೆ ಭಾರವೆನಿಸಲೇ ಇಲ್ಲ, ಅಷ್ಟು ಸಂತೋಷ. ಪಂಚೆ ಉಟ್ಟು, ಶಲ್ಯ ಹೊದ್ದು, ಗಂಧ ಹಚ್ಚಿ ಬೆಳಿಗ್ಗೆಯೇ ಹೊರಟೆ. "ಆ ಕಾರಿಗೂ ಒಂದು ಆರತಿ ಎತ್ತಿ, ಸುಮ್ಮನೆ ಕೂಗುವುದು ನಿಲ್ಲಲಿ" ಎಂದು ಪ್ರಭಾ ನಗುತ್ತಲೇ ಕಳಿಸಿದಳು.

ಕಲ್ಯಾಣದಿಂದ ಬಾಳೆಗಿಡಗಳನ್ನು ಹೇರಿಕೊಂಡು, ಮುಖಕ್ಕೆ ಬಡಿಯುವ ಎಲೆಗಳನ್ನು ಸರಿಸುತ್ತ, ಥಾಣೆ ಸ್ಟೇಶನ್ ಮುಟ್ಟಿದೆ. ಬೂಬ, ಸಮಿತ್ ಕಾಯುತ್ತಿದ್ದರು. ಕಣ್ಣು ಮಿಟುಕಿಸುವುದರೊಳಗೆ ಸಾಮಾನು ಇಳಿಸಿ, "ಪಾರ್ಕ್ ಮಾಡಿ ಬೇಗ ಬನ್ನಿ ಭಟ್ರೇ" ಎಂದು ಓಡಿದರು. ಪಾರ್ಕಿಂಗಿಗೆ ಹೋದರೆ ಫುಲ್, ಅದರ ಹಿಂದಿನ ಗಲ್ಲಿಯೂ ಫುಲ್. ಸುತ್ತಿ ಸುತ್ತಿ ಸ್ಟೇಶನ್ನಿನ ಮುಂದೆಯೇ ಬರುತ್ತಿದ್ದೆ, ಪ್ರದಕ್ಷಿಣೆಗೆ ಬಂದವನ ಹಾಗೆ. ಆಗ ಸಮಿತನ ಫೋನು ಬಂತು. "ಅಂಕಲ್, ಟ್ರೇನ್ ನಿಕಲ್ ಗಯೀ. ವಿಡಿಯೋ ಕಾಲ್ ಪೇ ಕರ್ ಲೇಂಗೇ." ಟ್ರೇನು ಹೊರಟೇಬಿಟ್ಟಿತ್ತು, ಪೂಜೆ ಇನ್ನು ಫೋನಿನಲ್ಲೇ.

ಬೇರೆ ದಾರಿಯಿರಲಿಲ್ಲ. ಫೋನನ್ನು ಸ್ಟೇರಿಂಗಿನ ಪಕ್ಕ ಸಿಕ್ಕಿಸಿ, ಟ್ರಾಫಿಕ್ಕಿನಲ್ಲಿ ತೆವಳುತ್ತ ಸಂಕಲ್ಪ ಶುರುಮಾಡಿದೆ. ದೇವಿಯ ಪಟವನ್ನು ನನ್ನ ಕಿಟಕಿಯ ಸೀಟಿನಲ್ಲೇ ಇಟ್ಟಿದ್ದರು. ಕೂತವಳು ಸಾಕ್ಷಾತ್ ಜಗನ್ಮಾತೆ, ಏಳು ಅನ್ನುವಂತಿಲ್ಲ. "ಸರ್ವಮಂಗಳ ಮಾಂಗಲ್ಯೇ" ಎಂದಲ್ಲಿಗೆ ದಾರಿ ಹೇಳುವವಳು "ಆಗೇ ಸೇ ಯೂ ಟರ್ನ್ ಲೇಂ" ಅಂದಳು. ಡಬ್ಬಿಗೆ ಡಬ್ಬಿಯೇ ನಕ್ಕಿತು. ಅಲ್ಲಿ ಆರತಿ ಎತ್ತುವ ಹೊತ್ತಿಗೆ ಇಲ್ಲಿ ನನ್ನ ಗಾಜನ್ನು ಯಾರೋ ತಟ್ಟಿದರು. ಟ್ರಾಫಿಕ್ ಪೊಲೀಸ್.

ಮಂತ್ರ ನಡುವೆ ನಿಲ್ಲಿಸುವಂತಿಲ್ಲ. ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಒಂದು ಕೈ ಎತ್ತಿ ತಡೆ ಎಂದು ಸನ್ನೆ ಮಾಡಿದೆ. ಅವನು ಫೋನಿನೊಳಗಿನ ದೇವಿಯನ್ನು ಕಂಡು ಟೋಪಿ ತೆಗೆದು ನಿಂತ. ಆರತಿ ಮುಗಿಯಿತು. "ಬಂದ್ರೆ ಪೇಡೆ ಕೊಡ್ತೇವೆ" ಎಂದು ಬೂಬ ಅಂದದ್ದು ಕೇಳಿಸಿತು, ಅಷ್ಟರಲ್ಲಿ ಕಾಲ್ ಕಟ್ಟಾಯಿತು.

"ಪ್ರಸಾದ್?" ಎಂದು ಪೊಲೀಸ್ ಕೈ ಚಾಚಿದ.

"ಟ್ರೇನ್ ಮಧ್ಯೇ ಆಹೇ, ಸಾಹೇಬ್" ಅಂದೆ, ಅದು ಟ್ರೇನಿನಲ್ಲಿದೆ ಎಂದು.

"ಮಗ ತುಮ್ಹೀ ಇಥೇ ಕಾಯ್ ಕರತಾ?"

ಅವರೆಲ್ಲ ಟ್ರೇನಿನಲ್ಲಿದ್ದರೆ ನೀವಿಲ್ಲಿ ಏನು ಮಾಡುತ್ತಿದ್ದೀರಿ ಎಂಬ ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಒಂದೇ ಇತ್ತು. "ಗಾಡೀ ಘೇತಲೀ" ಅಂದೆ, ಕಾರು ಕೊಂಡೆ ಎಂದು.

ಅವನು ಕಾರನ್ನು ನೋಡಿದ, ನನ್ನ ಪಂಚೆ ನೋಡಿದ, ಹಿಂದಿನ ಸೀಟಿನಲ್ಲಿ ಉಳಿದಿದ್ದ ಹರಿದ ಬಾಳೆಲೆಯನ್ನೂ ನೋಡಿದ. ದಂಡ ಹಾಕುವ ಮಿಶಿನನ್ನು ಜೇಬಿಗಿಳಿಸಿ, ಬೇರೆ ಗಾಡಿಗಳನ್ನೆಲ್ಲ ತಡೆದು ನನ್ನೊಬ್ಬನಿಗೆ ದಾರಿ ಬಿಡಿಸಿದ. ಕೀ ತಿರುಗಿಸಿದೆ, ಇಂಜಿನ್ ಕೆಮ್ಮಿತು, ಸುಮ್ಮನಾಯಿತು. ಸಿಗ್ನಲ್ಲಿಗೆ ಸಿಗ್ನಲ್ಲೇ ನೋಡುತ್ತಿತ್ತು. ಪಾಪ, ಅವನೇ ಹಿಂದೆ ಬಂದು ತಳ್ಳತೊಡಗಿದ.

"ಕಾಕಾ, ಗಾಂವ್ ಕೋಣತಂ ತುಮಚಂ?" ಎಂದು ಏದುಸಿರಿನಲ್ಲಿ ನನ್ನ ಊರು ಕೇಳಿದ.

"ಉಡುಪಿ" ಅಂದೆ.

ಉಡುಪಿಯವರ ಹೋಟೆಲಿನ ದೋಸೆಯೆಂದರೆ ತನ್ನ ಹೆಂಡತಿಗೆ ಪ್ರಾಣ, ವಡೆ ಮಾತ್ರ ಸೇರುವುದಿಲ್ಲ ಎಂದು ಹಿಂದಿನಿಂದ ಹೇಳುತ್ತಲೇ ತಳ್ಳಿದ. ಗೇರು ಬಿದ್ದಿತ್ತು, ಚಕ್ರಕ್ಕೆ ಬೇಕಾದಷ್ಟು ವೇಗವೂ ಬಂದಿತ್ತು, ಕ್ಲಚ್ ಬಿಟ್ಟರೆ ಸಾಕು, ಕಾರು ಚಾಲೂ ಆಗುತ್ತಿತ್ತು. "ವಡೆ ಯಾಕೆ ಸೇರುವುದಿಲ್ಲ?" ಎಂದು ಕೇಳಿದೆ, ಕ್ಲಚ್ ಒತ್ತಿಕೊಂಡೇ.